ಹನ್ನೊಂದನೇ ಹಾಡು

ಪಟ್ಟಿಯಲ್ಲಿ ಹನ್ನೊಂದನೆಯದರ ಮೇಲೆ ಪೆನ್ಸಿಲ್ ಗೀಟು.
"ಅದೊಂದು ಬೇಡ ಮಾರಾಯ," ಅಂದರು ಪೂಂಜರು,
ಸಂಘದ ಅಧ್ಯಕ್ಷರು, ಬಿಸಿ ಸಮೋಸಾವನ್ನು
ಈ ಕೈಯಿಂದ ಆ ಕೈಗೆ ದಾಟಿಸುತ್ತ.
"ಊರಿನ ರಾಡಿ ಊರಲ್ಲೇ ಇರಲಿ.
ನಾಳೆ ಯಾರೋ ಕರೆದು ಕೇಳಿದರೆ
ನೀನು ಬರುತ್ತೀಯಾ ನನ್ನ ಜೊತೆ?"
ನಾನು ಬರುವುದಿಲ್ಲ. ಅದು ಅವರಿಗೂ ಗೊತ್ತು.
ಟ್ರ್ಯಾಕನ್ನು ಕಸದ ಬುಟ್ಟಿಗೆ ಎಳೆದು ಹಾಕಿದೆ.
ಬುಟ್ಟಿ ಖಾಲಿ ಮಾಡಲಿಲ್ಲ.

ಮನಾಮದಲ್ಲಿ ಹದಿನಾಲ್ಕು ವರ್ಷದಿಂದ
ಸೌಂಡು ನೋಡಿಕೊಳ್ಳುವವನು ನಾನು.
ನೋಡಿಕೊಳ್ಳುವುದೇ; ಕೇಳುವುದು ಕಡಿಮೆ.
ಹಸಿರು ದೀಪ ಏರುತ್ತದೆ, ಇಳಿಯುತ್ತದೆ,
ಕೆಂಪು ಮುಟ್ಟದ ಹಾಗೆ ಹೆಬ್ಬೆರಳು ಕಾಯುತ್ತದೆ.

ತಾರಿಣಿ ಕಂಪ್ಲಿ ಸಿನಿಮಾದಲ್ಲಿ ಹಾಡಿದ್ದೆಲ್ಲ
ನಮ್ಮ ರೂಮಿನ ಆರೂ ಫೋನುಗಳಲ್ಲಿತ್ತು.
ಹೋದ ವರ್ಷ ಇದೊಂದು ಹಾಡಿದಳು:
ಮ್ಯಾನ್‌ಹೋಲಿಗೆ ಇಳಿದು ಮೇಲೆ ಬಾರದವರ
ಹೆಸರು, ಬರೀ ಹೆಸರು, ಒಂದಾದ ಮೇಲೊಂದು,
ತಾಳಕ್ಕೆ ಕಬ್ಬಿಣದ ಮುಚ್ಚಳ:
ಟಣ್. ಟಣ್‌ಟಣ್. ಟಣ್.
ಸ್ಟ್ಯಾನಿ ಅಂದೇ ರಿಂಗ್‌ಟೋನ್ ಬದಲಿಸಿದ,
"ಇವಳಿಗೂ ರಾಜಕೀಯ ಹಿಡಿಯಿತು" ಅಂತ,
ಮೋಸ ಹೋದ ಗಂಡನ ಮುಖ ಮಾಡಿಕೊಂಡು.
ಕೆಳಗಿನ ಅಂಗಡಿಯ ರವೂಫ್ ಶಟರ್ ಎಳೆದ ಮೇಲೆ
ಸಣ್ಣಗೆ ಹಾಕಿ ಕೇಳುತ್ತಿದ್ದ, ಲೆಕ್ಕ ಬರೆಯುತ್ತ.
ಫೋನಿನಲ್ಲಿ ಹೆಂಡತಿ: "ರಾಗ ಚಂದ ಉಂಟು.
ಮಾತು ಬೇಡಿತ್ತು."

ಶುಕ್ರವಾರ ಸಂಜೆ. ಮುಂದಿನ ಮೂರು ಸಾಲು
ಅತ್ತರು, ರೇಷ್ಮೆ, ಎಣ್ಣೆ ಕಂಪನಿಯ ಪ್ರಾಯೋಜಕರು.
ಹಿಂದೆ ಸಲ್ಮಾಬಾದ್ ಕ್ಯಾಂಪಿನ ಒಂದು ಬಸ್ಸು ಜನ,
ತಲೆಗೆ ನೀರು ಹಾಕಿ ಬಾಚಿಕೊಂಡವರು.
ಹತ್ತು ಹಾಡಾಯಿತು. ಅವಳು ನೀರು ಕುಡಿದಳು.
ಆಗ ಹಿಂದಿನಿಂದ ಒಂದು ಚಪ್ಪಾಳೆ.
ಆಮೇಲೆ ಎರಡು, ಒಟ್ಟೊಟ್ಟಿಗೆ. ಮತ್ತೆ ಒಂದು.
ಆಮೇಲೆ ನೆಲಕ್ಕೆ ಬೂಟುಗಳು.
ಮುಂದಿನ ಸಾಲಿನ ಒಬ್ಬರು ತಿರುಗಿ ನೋಡಿದರು,
"ಖುಷಿಗೆ ಬಂದದ್ದಲ್ಲವಾ ನಾವು?"
ಹಿಂದಿನಿಂದ ಉತ್ತರ: "ನಾವೂ!"

ಅವಳು ಮೈಕು ಬಾಯಿ ಹತ್ತಿರ ತಂದಳು.
ಉಸಿರು ಎಳೆದುಕೊಂಡಳು. ಅದು ಹೊಟ್ಟೆಯ ಉಸಿರು,
ಹಾಡುವವರದು; ನನಗೆ ಗೊತ್ತಾಗುತ್ತದೆ.
ಪೂಂಜರು ನನ್ನ ಕಡೆ ನೋಡಲೇ ಇಲ್ಲ.
ಯಾರೂ ಹೇಳಲಿಲ್ಲ.
ಹೆಬ್ಬೆರಳು ತಾನಾಗಿ ಕೆಳಗೆ ಸರಿಯಿತು.

ಏನೋ ಅಂದಳು. ತುಟಿ ಆಡಿದ್ದು ಕಂಡಿತು.
ಹಾಡೋ, ಕ್ಷಮಿಸಿ ಅಂದದ್ದೋ, ಇವತ್ತಿಗೂ ತಿಳಿಯದು.
"ದುಡ್ಡು ತಗೊಂಡು ಬಾಯಿ ಮುಚ್ಚ್ಯಾಳ!"
ಯಾರೋ ಕೂಗಿದ, ರಾಯಚೂರು ಕಡೆಯವನು.
ನಾನು ಬಗ್ಗಿ, ಸರಿಯಿದ್ದ ವೈರನ್ನೇ
ಸರಿಮಾಡುತ್ತ ಕುಳಿತೆ.
ಹನ್ನೆರಡನೆಯದು ಪ್ರೇಮಗೀತೆ.
ಸ್ಟ್ಯಾನಿ ಶಿಳ್ಳೆ ಹಾಕಿದ.

ಹಾಲ್ ಖಾಲಿಯಾಗಿ ಕೇಬಲ್ ಸುತ್ತುವಾಗ
ಆ ಕೂಗಿದವನೇ ಬಂದ. ದುರ್ಗಪ್ಪ, ಲಿಂಗಸುಗೂರು.
"ಆ ಹಾಡು ಐತೇನ್ರೀ ನಿಮ್ಮತ್ರ?"
ಬುಟ್ಟಿಯಿಂದ ತೆಗೆದೆ. ಎಂಟೂ ಸ್ಪೀಕರು ಇನ್ನೂ ನಿಂತಿದ್ದವು.
ಇನ್ನೂರು ಖಾಲಿ ಕುರ್ಚಿಗಳ ನಡುವೆ
ಕೈಕಟ್ಟಿ ನಿಂತು ಕೇಳಿದ.
"ನಮ್ಮಣ್ಣ ಇಳದಿದ್ದ," ಅಂದ. "ಇದರಾಗ ಅವನ ಹೆಸರಿಲ್ಲ.
ಮತ್ತ ಈ ಟಣ್ ಟಣ್ ಸುಳ್ಳು.
ಒಳಗಿಂದ ಯಾರೂ ಬಡಿಯಂಗಿಲ್ಲ.
ಸಪ್ಪಳನ ಆಗಂಗಿಲ್ಲ ಅಲ್ಲಿ."
ನಿಲ್ಲಿಸಲಾ ಎಂದೆ.
"ಏ, ಇರ್ಲಿ. ಸ್ವಲ್ಪ ಜೋರ್ ಮಾಡ್ರಿ."

ಕೊನೆಯ ಚರಣಕ್ಕೆ ಮುಂಚೆ ಬಸ್ಸಿನ ಹಾರನ್ನು.
ಬೂಟು ಸದ್ದು ಮಾಡುತ್ತ ಓಡಿದ.
ಪೂಂಜರು ಬಾಗಿಲಲ್ಲಿ ಕುರ್ಚಿ ಎಣಿಸುತ್ತಿದ್ದರು,
ಎಣಿಕೆ ತಪ್ಪಿತೇನೋ, ಮತ್ತೆ ಒಂದರಿಂದ ಶುರುಮಾಡಿದರು.

ಆ ರಾತ್ರಿಯ ರೆಕಾರ್ಡಿಂಗ್ ನನ್ನಲ್ಲಿದೆ.
ನಲವತ್ತೇಳನೇ ನಿಮಿಷ: ಚಪ್ಪಾಳೆ, ಬೂಟು, ಅವಳ ಉಸಿರು.
ಆಮೇಲೆ ಹನ್ನೊಂದು ಸೆಕೆಂಡು ಏನೂ ಇಲ್ಲ.
ಆ ಹನ್ನೊಂದು ಸೆಕೆಂಡು ನನ್ನದು.